ಬಾವಿಯ ಪಕ್ಕದ ಶೌಚಗುಂಡಿ: ಒಳಚರಂಡಿಯಿಲ್ಲದ ಮಲೆನಾಡಿನ ಮನೆಗೆ ಯಾವ ವ್ಯವಸ್ಥೆ ಸೂಕ್ತ?

ಹಿತ್ತಲಬಾಗಿಲು (ತೀರ್ಥಹಳ್ಳಿ ತಾಲ್ಲೂಕು)

ನಮ್ಮದು ತೋಟದ ತಲೆಯಲ್ಲಿರುವ ಹಳೆಯ ಮನೆ. ಊರೆಂದು ಕರೆಯಲು ಇಲ್ಲಿರುವುದು ಚದುರಿದ ಒಂಬತ್ತು ಮನೆಗಳು ಮಾತ್ರ; ಒಳಚರಂಡಿ ಇಲ್ಲಿಗೆ ನಮ್ಮ ಕಾಲದಲ್ಲಂತೂ ಬರುವುದಿಲ್ಲ. ಅಪ್ಪ ಮೂವತ್ತು ವರ್ಷಗಳ ಹಿಂದೆ ಕಟ್ಟಿಸಿದ ಒಂದೇ ಒಂದು ಶೌಚಗುಂಡಿ ಇದೆ. ಜಂಬಿಟ್ಟಿಗೆಯ ಗೋಡೆ, ಮೇಲೆ ಕಲ್ಲುಚಪ್ಪಡಿ. ತಳಕ್ಕೆ ಏನೂ ಹಾಕಿಲ್ಲ. ಬೇಸಗೆಯಲ್ಲಿ ಅಂಥದೊಂದು ಗುಂಡಿ ಇದೆಯೆಂಬುದೇ ನಮಗೆ ಮರೆತುಹೋಗಿರುತ್ತದೆ. ಪುನರ್ವಸು ಮಳೆ ಹಿಡಿದು ಜಲ ಎದ್ದಿತೆಂದರೆ ಸುರಿದ ನೀರು ಇಳಿಯದೆ ಗುಳುಗುಳು ಎನ್ನುತ್ತ ನಿಲ್ಲುತ್ತದೆ, ಆಶ್ಲೇಷ ಕಳೆಯುವವರೆಗೂ ಅದೇ ಪಾಡು. ಹೋದ ವರ್ಷ ಚಪ್ಪಡಿಯ ಸಂದಿನಿಂದಲೇ ಹೊರಗೆ ಉಕ್ಕಿತು.

ಈ ಬಾರಿ ಬಚ್ಚಲುಮನೆಯನ್ನು ಹೊಸದಾಗಿ ಕಟ್ಟಿಸುತ್ತಿರುವುದರಿಂದ ಗುಂಡಿಯ ವಿಷಯವನ್ನೂ ಒಮ್ಮೆಗೇ ಸರಿಪಡಿಸಬೇಕೆಂದುಕೊಂಡಿದ್ದೇನೆ. ಮೇಸ್ತ್ರಿಯವರು 20 ಅಡಿ ಆಳಕ್ಕೆ ಸಿಮೆಂಟ್ ರಿಂಗ್ ಇಳಿಸೋಣ, ಆಳಕ್ಕೆ ಹೋದಷ್ಟೂ ಇಂಗುತ್ತದೆ, ಇನ್ನು ನಿಮ್ಮ ಮಕ್ಕಳ ಕಾಲದವರೆಗೆ ತಿರುಗಿ ನೋಡಬೇಕಾಗಿಲ್ಲ ಎನ್ನುತ್ತಾರೆ. ಪೇಟೆಯ ಅಂಗಡಿಯವರು ಸಿದ್ಧ ಪ್ಲಾಸ್ಟಿಕ್ ಟ್ಯಾಂಕ್ ತೋರಿಸಿದರು. ಭಾವನವರದು ಎರಡು ಗುಂಡಿಯ ಶೌಚಾಲಯದ ಸಲಹೆ. ಮನೆಯಲ್ಲಿ ಆರು ಜನರಿದ್ದೇವೆ. ಕುಡಿಯುವ ನೀರಿನ ತೆರೆದ ಬಾವಿ ಹಳೆಯ ಗುಂಡಿಯಿಂದ 28 ಅಡಿ ದೂರದಲ್ಲಿ, ಇಳಿಜಾರಿನ ಕೆಳಬದಿಯಲ್ಲಿದೆ. ಮಳೆಗಾಲದಲ್ಲಿ ಬಾವಿಯ ನೀರನ್ನು ಕಟ್ಟೆಯ ಮೇಲಿಂದ ಕೈಯಲ್ಲೇ ಮೊಗೆಯಬಹುದು. ಮೂವರ ಸಲಹೆಗಳಲ್ಲಿ ಯಾವುದನ್ನು ಒಪ್ಪಬೇಕೆಂದು ತಿಳಿದವರು ಹೇಳಬೇಕು.

ನಿವೃತ್ತ ಅಭಿಯಂತ (ಶಿವಮೊಗ್ಗ)

ನೀವು ಬರೆದಿರುವುದರಲ್ಲಿ ಅತ್ಯಂತ ಮುಖ್ಯವಾದ ಮಾತು ಕೊನೆಗೆ ಬಂದಿದೆ. ಬಾವಿಯ ನೀರು ಕೈಗೆ ಸಿಗುತ್ತದೆ ಎಂದರೆ ಜುಲೈ ತಿಂಗಳಿನಲ್ಲಿ ನಿಮ್ಮ ಹಿತ್ತಲಿನಲ್ಲಿ ಎಲ್ಲಿ ಅಗೆದರೂ ಮೂರು ನಾಲ್ಕು ಅಡಿಗೆ ಜಲ ಸಿಗುತ್ತದೆ. ಅಂದಮೇಲೆ 20 ಅಡಿಯ ರಿಂಗ್ ಇಳಿಸಿದರೆ ಅದು ಇನ್ನೊಂದು ಬಾವಿಯೇ ಹೊರತು ಇಂಗುಗುಂಡಿಯಾಗುವುದಿಲ್ಲ. ವ್ಯತ್ಯಾಸವಿಷ್ಟೇ: ಒಂದು ಬಾವಿಗೆ ಮಲ ಹಾಕುತ್ತೀರಿ, ಅದೇ ಜಲ ಕೂಡಿಕೊಂಡಿರುವ ಇನ್ನೊಂದು ಬಾವಿಯಿಂದ ಕುಡಿಯುತ್ತೀರಿ. ಆಳಕ್ಕೆ ಹೋದಷ್ಟೂ ಇಂಗುತ್ತದೆಂಬುದು ಬಯಲುಸೀಮೆಯಲ್ಲಿ, ಜಲ ಬಹಳ ಆಳದಲ್ಲಿರುವ ಕಡೆ ಹುಟ್ಟಿದ ಮಾತು. ಮಲೆನಾಡಿನಲ್ಲಿ ಅದು ತಲೆಕೆಳಗಾಗುತ್ತದೆ.

ಸೆಪ್ಟಿಕ್ ಟ್ಯಾಂಕ್ ಎಂದರೆ ಹೊಲಸನ್ನು ಶುದ್ಧ ಮಾಡುವ ಯಂತ್ರವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಟ್ಯಾಂಕಿನಲ್ಲಿ ಆಗುವ ಕೆಲಸ ಬಹಳ ಸೀಮಿತವಾದದ್ದು. ಬಂದ ನೀರು ಅಲ್ಲಿ ಒಂದೆರಡು ದಿನ ಅಲುಗಾಡದೆ ನಿಂತಾಗ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಳದ ರೊಚ್ಚನ್ನು ನಿಧಾನವಾಗಿ ಕರಗಿಸುತ್ತವೆ. ನಡುವಿನಿಂದ ಹೊರಬರುವ ನೀರು ನೋಡುವುದಕ್ಕೆ ತಿಳಿಯಾಗಿದ್ದರೂ ರೋಗಾಣುಗಳಿಂದ ತುಂಬಿರುತ್ತದೆ. ಅದನ್ನು ಶುದ್ಧ ಮಾಡುವುದು ಟ್ಯಾಂಕಿನಾಚೆಯ ಮಣ್ಣು. ಅದೂ ಗಾಳಿಯಾಡುವ, ನೀರು ತುಂಬಿ ನಿಲ್ಲದ ಮಣ್ಣು. ಆ ಒಣಮಣ್ಣಿನ ಪದರ ಎಷ್ಟು ದಪ್ಪವಿದೆಯೋ ಅಷ್ಟೇ ನಿಮ್ಮ ರಕ್ಷಣೆ. ಗುಂಡಿಯ ತಳ ಜಲಕ್ಕೆ ಮುಟ್ಟಿದ ದಿನ ಆ ರಕ್ಷಣೆ ಮುಗಿದಂತೆ.

ಭಾರತೀಯ ಮಾನಕದಲ್ಲಿ ಇದಕ್ಕೆಲ್ಲ ಲೆಕ್ಕವಿದೆ. ಸೆಪ್ಟಿಕ್ ಟ್ಯಾಂಕಿಗೆ ಐಎಸ್ 2470, ಹಳ್ಳಿಯ ಇಂಗುಗುಂಡಿ ಶೌಚಾಲಯಕ್ಕೆ ಐಎಸ್ 12314. ಮೊದಲನೆಯದರ ಪ್ರಕಾರ ಟ್ಯಾಂಕಿನಿಂದ ಹೊರಬಂದ ನೀರನ್ನು ಇಂಗಿಸುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರವಿರಬೇಕು. ವಾಸದ ಮನೆಯಿಂದ 6 ಮೀಟರ್ ದೂರವಿರಬೇಕು. ನಿಮ್ಮ ಹಳೆಯ ಗುಂಡಿ ಬಾವಿಯಿಂದ ಆ 60 ಅಡಿಯ ಅರ್ಧ ದೂರದಲ್ಲೂ ಇಲ್ಲ. ಸಾಲದೆಂಬಂತೆ ಬಾವಿಗಿಂತ ಮೇಲ್ಗಡೆಯಿದೆ.

ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ನೀರು ಇಂಗಿಸಬೇಕೆಂದಿರುವ ಜಾಗದಲ್ಲಿ ಒಂದು ಗೇಣು ಅಗಲದ ಕುಳಿಯನ್ನು ಇಂಗುಗಾಲುವೆಯ (ಜಲ್ಲಿಯೊಳಗೆ ತೂತಿನ ಪೈಪ್ ಇಟ್ಟು ನೀರು ಇಂಗಿಸುವ ಉದ್ದನೆಯ ಕಾಲುವೆಯ) ಆಳಕ್ಕೆ ತೋಡಿ, ಬದಿಗಳನ್ನು ಕತ್ತಿಯಿಂದ ಒರಟು ಮಾಡಿ, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ. ಹಿಂದಿನ ಸಂಜೆಯೇ ನೀರು ತುಂಬಿಸಿ ಮಣ್ಣನ್ನು ರಾತ್ರಿಯಿಡೀ ನೆನೆಸಬೇಕು. ಮರುದಿನ ಜಲ್ಲಿಯ ಮೇಲೆ ಆರು ಇಂಚು ನೀರು ನಿಲ್ಲಿಸಿ, 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಿ. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿಯೂ ನಡೆಯುತ್ತದೆ, ಇಂಗುಗಾಲುವೆಯೂ ನಡೆಯುತ್ತದೆ. 30ರಿಂದ 60 ನಿಮಿಷವಾದರೆ ಇಂಗುಗಾಲುವೆಯೇ ಬೇಕು. 60 ದಾಟಿದರೆ ಆ ಮಣ್ಣು ಇಂಗಿಸುವುದಕ್ಕೆ ಒದಗುವುದಿಲ್ಲ. ಬಹುತೇಕ ಎಲ್ಲರೂ ಈ ಪರೀಕ್ಷೆಯನ್ನು ಮಾರ್ಚ್ ತಿಂಗಳಿನಲ್ಲಿ ಮಾಡಿ ಸಂತೋಷಪಡುತ್ತಾರೆ. ನೀವು ಮಳೆಗಾಲದಲ್ಲಿ ಮಾಡಿ.

ಗಾರೆಕೆಲಸ (ಪುತ್ತೂರು)

ನಾನು ಇಪ್ಪತ್ತೆರಡು ವರ್ಷಗಳಿಂದ ಮನೆ ಕಟ್ಟುವ ಕೆಲಸದಲ್ಲಿದ್ದೇನೆ. ಮೇಸ್ತ್ರಿಗಳ ಪರವಾಗಿ ಒಂದು ಮಾತು ಹೇಳಬೇಕಾಗಿದೆ. ತಳ ಹಾಕಿ, ನೀರು ಸೋರದಂತೆ ಗಾರೆ ಮಾಡಿ, ನಡುಗೋಡೆ ಕಟ್ಟಿ, ಟಿ ಪೈಪ್ ಇಟ್ಟು, ಮುಂದಕ್ಕೆ ಇಂಗುಗಾಲುವೆ ಮಾಡುತ್ತೇವೆಂದು ಅಂದಾಜು ಕೊಟ್ಟರೆ ಮನೆಯ ಯಜಮಾನರು ಅದರ ಅರ್ಧ ದುಡ್ಡಿಗೆ ರಿಂಗ್ ಇಳಿಸುವವರನ್ನು ಹುಡುಕಿಕೊಳ್ಳುತ್ತಾರೆ. ಎದುರಿನ ಹಾಲ್‌ಗೆ ಗ್ರಾನೈಟ್ ಹಾಕಿಸುವವರು ಗುಂಡಿಯ ತಳಕ್ಕೆ ಕಾಂಕ್ರೀಟ್ ಹಾಕಿಸಲು ಚೌಕಾಸಿ ಮಾಡುತ್ತಾರೆ. ತಳವಿಲ್ಲದ ಗುಂಡಿಯನ್ನೇ ನಮ್ಮ ಕಡೆ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದು ರೂಢಿಯಾಗಿಬಿಟ್ಟಿದೆ.

ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ನೆಲದಲ್ಲಿ ಇನ್ನೊಂದು ತೊಡಕಿದೆ. ಮುರಕಲ್ಲು ಮೇಲಿಂದ ಗಟ್ಟಿಯಾಗಿ ಕಾಣುತ್ತದೆ. ಆದರೆ ಒಳಗೆ ಬೆರಳು ತೂರುವಷ್ಟು ದೊಡ್ಡ ರಂಧ್ರಗಳು, ಕೆಲವು ಕಡೆ ಮೊಳಕೈ ಇಳಿಯುವಷ್ಟು ಬಿಲಗಳು ಇರುತ್ತವೆ. ಮರಳುಮಣ್ಣಿನಲ್ಲಿ ನೀರು ಸೋಸಿಕೊಂಡು ಇಳಿದರೆ ಇಲ್ಲಿ ಪೈಪಿನಲ್ಲಿ ಹರಿದಂತೆ ಹರಿಯುತ್ತದೆ. ಆದ್ದರಿಂದ 60 ಅಡಿಯ ಲೆಕ್ಕವನ್ನು ಮುರಕಲ್ಲಿನ ಜಾಗದಲ್ಲಿ ಕಣ್ಣುಮುಚ್ಚಿ ನಂಬಬೇಡಿ. ಇಂಗುವ ಪರೀಕ್ಷೆಯಲ್ಲಿ ನೀರು ಎರಡೇ ನಿಮಿಷಕ್ಕೆ ಮಾಯವಾದರೆ ಅದೂ ಒಳ್ಳೆಯ ಸುದ್ದಿಯಲ್ಲ. ಅಂಥ ಕಡೆ ನಾವು ಕಾಲುವೆಯ ತಳಕ್ಕೂ ಬದಿಗೂ ಒಂದೂವರೆ ಅಡಿಯಷ್ಟು ಮರಳು ತುಂಬಿ, ನೀರು ಅದರ ಮೂಲಕವೇ ಹಾದುಹೋಗುವಂತೆ ಮಾಡುತ್ತೇವೆ.

ಬಾವಿಕಟ್ಟೆ (ಸಾಗರ)

ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಹಿತ್ತಲಬಾಗಿಲು ಅವರು ಗುಂಡಿ ಉಕ್ಕುವ ಬಗ್ಗೆ ಇಷ್ಟೆಲ್ಲ ಬರೆದಿದ್ದಾರೆ, ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದ್ದೀರಾ ಎಂಬುದಕ್ಕೆ ಉತ್ತರ ಎಲ್ಲಿಯೂ ಇಲ್ಲ. ದಯವಿಟ್ಟು ಮೊದಲು ಆ ಕೆಲಸ ಮಾಡಿ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಎಂಬ ಸಣ್ಣ ಸೀಸೆ ಸಿಗುತ್ತದೆ. ಗ್ರಾಮ ಪಂಚಾಯತಿಯಲ್ಲಿ ಕೇಳಿದರೆ ದೊರೆಯುವ ಸಾಧ್ಯತೆಯಿದೆ. ಅದರಲ್ಲಿ ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಸೋಂಕಿದ್ದಲ್ಲಿ ಒಂದೆರಡು ದಿನದೊಳಗೆ ನೀರು ಕಪ್ಪಾಗುತ್ತದೆ. ಓದು ಬರಹ ಬಾರದವರಿಗೂ ಅರ್ಥವಾಗುವ ಪರೀಕ್ಷೆ ಇದು. ಎಷ್ಟೋ ಮನೆಗಳಲ್ಲಿ ನನ್ನ ಅರ್ಧ ಗಂಟೆಯ ಭಾಷಣ ಮಾಡದ ಕೆಲಸವನ್ನು ಆ ಕಪ್ಪು ಬಾಟಲಿ ಮಾಡಿದೆ. ಜೊತೆಗೆ ಪ್ರಯೋಗಾಲಯದಲ್ಲಿ ನೈಟ್ರೇಟ್ ಪರೀಕ್ಷೆಯನ್ನೂ ಮಾಡಿಸಿ. ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಮಲದ ಸೋಂಕನ್ನು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಎಳೆಗೂಸಿದ್ದರೆ ಇದು ಮುಖ್ಯ.

ಫಲಿತಾಂಶ ಬರುವವರೆಗೆ ಕುದಿಸಿದ ನೀರನ್ನೇ ಕುಡಿಯಿರಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದಾದರೆ 1000 ಲೀಟರ್ ನೀರಿಗೆ 2.5 ಗ್ರಾಂ ಎಂಬುದು ನಾವು ಅನುಸರಿಸುತ್ತಿದ್ದ ಲೆಕ್ಕ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ಕೂತಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಒಂದು ಗಂಟೆಯಾದರೂ ಬಿಟ್ಟು ನೀರು ಸೇದಬೇಕು. ಗುಂಡಿ ಮೇಲ್ಗಡೆ ಇರುವವರೆಗೆ ಇದು ತಾತ್ಕಾಲಿಕ ಉಪಾಯ ಮಾತ್ರ.

ಜೋಡಿಗುಂಡಿ (ಮಂಡ್ಯ ಜಿಲ್ಲೆ)

ಇಲ್ಲಿ ಎಲ್ಲರೂ ಸೆಪ್ಟಿಕ್ ಟ್ಯಾಂಕ್ ಎಂಬ ಒಂದೇ ದಾರಿಯಲ್ಲಿ ಹೋಗುತ್ತಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಭಾವನವರ ಸಲಹೆಯನ್ನು ಯಾಕೆ ಬದಿಗೆ ಸರಿಸಿದಿರಿ? ಎರಡು ಗುಂಡಿಯ ಶೌಚಾಲಯ ನಮ್ಮ ದೇಶದ ಹಳ್ಳಿಗೆಂದೇ ಪಳಗಿದ ವ್ಯವಸ್ಥೆ. 1970ರಲ್ಲಿ ಬಿಂದೇಶ್ವರ ಪಾಠಕ್ ಅವರು ಬಿಹಾರದಲ್ಲಿ ಆರಂಭಿಸಿದ ಸುಲಭ್ ಸಂಸ್ಥೆ ಇದನ್ನು ಮನೆಮನೆಗೆ ಕೊಂಡೊಯ್ದಿತು. ಇದರ ಬೇಸಿನ್ನಿನ ಇಳಿಜಾರು ಹೆಚ್ಚು, ವಾಸನೆ ತಡೆಯಲು ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರು (ನೀರಿನ ಬೀಗ) 20 ಮಿಲಿಮೀಟರ್ ಮಾತ್ರ. ಹಾಗಾಗಿ ಒಂದೂವರೆ ಎರಡು ಲೀಟರ್ ನೀರಿನಲ್ಲೇ ಎಲ್ಲವೂ ಹೊರಟುಹೋಗುತ್ತದೆ. ಐದಾರು ಜನರ ಮನೆಗೆ ಮೂರಡಿ ವ್ಯಾಸದ, ಮೂರ್ನಾಲ್ಕು ಅಡಿ ಆಳದ ಎರಡು ಗುಂಡಿಗಳು ಸಾಕು. ಒಂದು ತುಂಬಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ಆಮೇಲೆ ಕವಲುಪೆಟ್ಟಿಗೆಯಲ್ಲಿ ದಾರಿ ತಿರುಗಿಸಿ ಇನ್ನೊಂದನ್ನು ಬಳಸಬೇಕು. ಮೊದಲನೆಯದನ್ನು ಎರಡು ವರ್ಷ ಹಾಗೆಯೇ ಬಿಟ್ಟು ತೆಗೆದರೆ ಅದು ವಾಸನೆಯಿಲ್ಲದ ಕಪ್ಪು ಗೊಬ್ಬರ. ನಮ್ಮ ಮನೆಯ ಗುಂಡಿಯನ್ನು ನಾನೇ ಸಲಿಕೆ ಹಿಡಿದು ಎರಡು ಬಾರಿ ಖಾಲಿ ಮಾಡಿ ತೆಂಗಿನ ಬುಡಕ್ಕೆ ಹಾಕಿದ್ದೇನೆ. ಗುಂಡಿ ಹೀರುವ ಲಾರಿಯೂ ಬೇಡ, ಇನ್ನೊಬ್ಬರ ಕೈಯೂ ಬೇಡ.

ವ್ಯವಸ್ಥೆ ಕೆಡುವುದು ಎರಡು ಕಾರಣಗಳಿಂದ. ಕೆಲಸದವರು ಎರಡೂ ಗುಂಡಿಗಳ ದಾರಿಯನ್ನು ಒಟ್ಟಿಗೆ ತೆರೆದಿಡುತ್ತಾರೆ, ಎರಡೂ ಒಟ್ಟಿಗೆ ತುಂಬುತ್ತವೆ. ಇಲ್ಲವೇ ಸ್ನಾನದ ನೀರನ್ನೂ ಬಟ್ಟೆ ಒಗೆದ ನೀರನ್ನೂ ಅದಕ್ಕೇ ಬಿಡುತ್ತಾರೆ.

ನಿವೃತ್ತ ಅಭಿಯಂತ

ಜೋಡಿಗುಂಡಿ ಅವರು ಹೇಳಿದ ಪ್ರತಿಯೊಂದು ಮಾತನ್ನೂ ಮಂಡ್ಯದ ನೆಲಕ್ಕೆ ಒಪ್ಪುತ್ತೇನೆ. ತೀರ್ಥಹಳ್ಳಿಯ ನೆಲದಲ್ಲಿ ಅಷ್ಟು ಸುಲಭವಿಲ್ಲ. ಗುಂಡಿಯ ತಳಕ್ಕೂ ಜಲಮಟ್ಟಕ್ಕೂ ವರ್ಷವಿಡೀ 2 ಮೀಟರ್ ಅಂತರವಿದ್ದು, ಮಣ್ಣು ನಯವಾಗಿದ್ದರೆ ಬಾವಿಯಿಂದ 3 ಮೀಟರ್ ದೂರವೂ ಸಾಕೆಂದು ಐಎಸ್ 12314 ಹೇಳುತ್ತದೆ. ಅಂತರ ಅದಕ್ಕಿಂತ ಕಡಿಮೆಯಾದರೆ 10 ಮೀಟರ್ ದೂರ ಬೇಕು. ಮಣ್ಣು ಒರಟಾಗಿದ್ದರೆ ಗುಂಡಿಯ ತಳ ಮುಚ್ಚಿ, ಸುತ್ತಲೂ ಅರ್ಧ ಮೀಟರ್ ಮರಳಿನ ಕವಚವನ್ನೂ ಕೊಡಬೇಕು. ಇದನ್ನೆಲ್ಲ ಮಾಡಿದರೂ ಜಲ ಎದ್ದಾಗ ಗುಂಡಿಯೊಳಗೆ ನೀರು ನುಗ್ಗುವುದು ತಪ್ಪುವುದಿಲ್ಲ. ಗೊಬ್ಬರವಾಗಬೇಕಾದ ಗುಂಡಿ ಎರಡು ತಿಂಗಳು ಕೊಚ್ಚೆಯಾಗಿ ಕೂತಿರುತ್ತದೆ. ಗುಂಡಿಯನ್ನು ನೆಲಮಟ್ಟಕ್ಕಿಂತ ಎತ್ತರಿಸಿ, ಶೌಚಾಲಯವನ್ನೂ ಎತ್ತರದಲ್ಲಿ ಕಟ್ಟಿದರೆ ಮಾತ್ರ ಅದು ಇಲ್ಲಿ ನಡೆದೀತು. ಹಿತ್ತಲಬಾಗಿಲು ಅವರ ಮನೆಯಲ್ಲಿ ಈಗಾಗಲೇ ಕಮೋಡ್, ಫ್ಲಶ್ ಎರಡೂ ಇರುವಂತೆ ತೋರುತ್ತದೆ. 9 ಲೀಟರಿನ ಫ್ಲಶ್ಶನ್ನು ಆರು ಜನ ದಿನಕ್ಕೆ ಐದೈದು ಬಾರಿ ಒತ್ತಿದರೆ 270 ಲೀಟರ್ ನೀರು. ಸಣ್ಣ ಗುಂಡಿಗೆ ಅದು ಹೊರೆ.

ಎರೆಹೊಲ (ನವಲಗುಂದ)

ಜಲ ಮೇಲೆದ್ದು ಕಷ್ಟವೆನ್ನುತ್ತೀರಿ. ನಮಗೆ ಜಲವೇ ಇಲ್ಲ, ಆದರೂ ಗುಂಡಿ ತುಂಬುತ್ತದೆ. ಎರೆಮಣ್ಣು ಒಮ್ಮೆ ನೆನೆಯಿತೆಂದರೆ ಉಬ್ಬಿ, ನೀರಿಗೆ ದಾರಿಯನ್ನೇ ಬಿಡುವುದಿಲ್ಲ. ಬೇಸಗೆಯಲ್ಲಿ ಬಿರಿದು ಗುಂಡಿಯ ಗೋಡೆಯನ್ನೇ ಸೀಳುತ್ತದೆ. ನಮ್ಮ ಮನೆಯ ಗುಂಡಿ ಎರಡನೆಯ ವರ್ಷಕ್ಕೇ ಒಳಕ್ಕೆ ಬಾಗಿತು. ಮತ್ತೆ ಕಟ್ಟುವಾಗ ಗೋಡೆಯ ಸುತ್ತ ಒಂದಡಿ ದಪ್ಪಕ್ಕೆ ಮರಳು ಹಾಗೂ ಇಟ್ಟಿಗೆಚೂರು ತುಂಬಿಸಿದೆವು, ಈಗ ಏಳು ವರ್ಷವಾಯಿತು, ತೊಂದರೆಯಿಲ್ಲ. ಬಚ್ಚಲ ನೀರನ್ನು ಮಾತ್ರ ಅದರೊಳಗೆ ಬಿಡುವುದನ್ನು ಪೂರ್ತಿ ನಿಲ್ಲಿಸಿದ್ದೇವೆ.

ಅಂಗಳ (ಕುಂದಾಪುರ ತಾಲ್ಲೂಕು)

ಬಚ್ಚಲ ನೀರಿನ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಅಜ್ಜಿಯ ಕಾಲದಲ್ಲಿ ಬಚ್ಚಲ ನೀರು ಬಾಳೆಬುಡಕ್ಕೋ ಬಸಳೆ ಚಪ್ಪರಕ್ಕೋ ಹೋಗುತ್ತಿತ್ತು. ಟೈಲ್ಸ್ ಹಾಕಿದ ಬಚ್ಚಲುಮನೆ ಬಂದಮೇಲೆ ಎಲ್ಲವನ್ನೂ ಒಂದೇ ಪೈಪಿಗೆ ಸೇರಿಸುವುದು ಅಚ್ಚುಕಟ್ಟೆಂದು ತಿಳಿದುಕೊಂಡೆವು. ಜಲಜೀವನ ಮಿಷನ್, ನಮ್ಮಲ್ಲಿ ಮನೆಮನೆಗೆ ಗಂಗೆ ಎಂದು ಕರೆದರಲ್ಲ, ಅದರ ಲೆಕ್ಕವೇ ಒಬ್ಬರಿಗೆ ದಿನಕ್ಕೆ 55 ಲೀಟರ್. ಒಳಬಂದ ನೀರೆಲ್ಲ ಎಲ್ಲಿಗೋ ಹೊರಹೋಗಬೇಕು. ಅದರಲ್ಲಿ ಬಹುಪಾಲು ಸ್ನಾನ, ಬಟ್ಟೆ, ಪಾತ್ರೆಯ ನೀರು. ಅದನ್ನು ಬೇರೆ ಮಾಡಿದರೆ ಶೌಚಗುಂಡಿಯ ಭಾರ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ನಾವು ಅಡುಗೆಮನೆಯ ನೀರಿಗೆ ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ಕಟ್ಟಿ, ಅಲ್ಲಿಂದ ಜಲ್ಲಿ ತುಂಬಿದ ಕಾಲುವೆಯ ಮೂಲಕ ಬಾಳೆಯ ಸಾಲಿಗೆ ಬಿಟ್ಟಿದ್ದೇವೆ. ತೊಟ್ಟಿಯ ಜಿಡ್ಡನ್ನು ವಾರಕ್ಕೊಮ್ಮೆ ತೆಗೆಯಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಬಚ್ಚಲು ಗುಂಡಿಗೆ ನೆರವು ಕೊಡುತ್ತಿದ್ದರು. ಪಂಚಾಯತಿಯಲ್ಲಿ ವಿಚಾರಿಸಿ.

ದೂರದೂರು (ಇಂಗ್ಲೆಂಡ್‌ನ ಹೆರಿಫರ್ಡ್‌ಶರ್)

ಇದೆಲ್ಲ ನಮ್ಮೂರಿನ ಬಡತನದ ಸಮಸ್ಯೆಯೆಂದು ನಾನೂ ತಿಳಿದಿದ್ದೆ. ಇಲ್ಲಿನ ಹಳ್ಳಿಯೊಂದರಲ್ಲಿ ಮನೆ ಕೊಳ್ಳಲು ಹೋದಾಗ ಭ್ರಮೆ ಹರಿಯಿತು. ನಾವು ಮೆಚ್ಚಿದ ಮನೆಯ ಸೆಪ್ಟಿಕ್ ಟ್ಯಾಂಕಿನ ನೀರು ನೇರವಾಗಿ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. 2020ರ ಜನವರಿ 1ರಿಂದ ಇಂಗ್ಲೆಂಡಿನಲ್ಲಿ ಹಾಗೆ ಬಿಡುವಂತಿಲ್ಲ. ಒಂದೋ ನೀರನ್ನು ನೆಲಕ್ಕೆ ಇಂಗಿಸಬೇಕು, ಇಲ್ಲವೇ ಗಾಳಿಯೂದುವ ಶುದ್ಧೀಕರಣ ಘಟಕ ಹಾಕಬೇಕು. ಮಾರುವವರು ಖರೀದಿದಾರರಿಗೆ ವ್ಯವಸ್ಥೆಯ ವಿವರವನ್ನು ಬರಹದಲ್ಲೇ ಕೊಡಬೇಕು. ಇಲ್ಲಿ ಇಂಗುಗಾಲುವೆಗೂ ಕುಡಿಯುವ ನೀರಿನ ಬಾವಿಗೂ 50 ಮೀಟರ್ ಅಂತರ ಕೇಳುತ್ತಾರೆ. ನಮ್ಮ 18 ಮೀಟರ್ ಎಷ್ಟು ಉದಾರವಾದದ್ದೆಂದು ಆಗ ತಿಳಿಯಿತು. ಚಳಿಗಾಲದ ಮಳೆಯಲ್ಲಿ ಇಲ್ಲಿಯೂ ಜಲ ಮೇಲೇರಿ ಕಮೋಡ್ ಗುಳುಗುಳು ಎನ್ನುತ್ತದೆ. ಹಿತ್ತಲಬಾಗಿಲು ಅವರ ವರ್ಣನೆಯನ್ನು ಓದಿ ನಗು ಬಂತು, ಕ್ಷಮಿಸಿ.

ಹಿತ್ತಲಬಾಗಿಲು

ನಗಲು ನಿಮಗೆ ಹಕ್ಕಿದೆ. ಇಲ್ಲಿ ಯಾರಿಗೂ ನಗು ಬಂದಿಲ್ಲ. ಬಾಟಲಿ ಮರುದಿನ ಸಂಜೆಯ ಹೊತ್ತಿಗೇ ಕಪ್ಪಾಯಿತು. ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಈ ನೀರನ್ನೇ ದೇವರ ಅಭಿಷೇಕಕ್ಕೂ ಕೊಟ್ಟೆನಲ್ಲ ಎಂದರು. ಮೂವತ್ತು ವರ್ಷಗಳಲ್ಲಿ ಯಾರಿಗೂ ಏನೂ ಆಗಿಲ್ಲವೆಂಬುದು ನಮ್ಮ ಮನೆಯ ವಾದವಾಗಿತ್ತು. ಈಗ ಯೋಚಿಸಿದರೆ, ಪ್ರತಿ ಮಳೆಗಾಲದಲ್ಲೂ ಮಕ್ಕಳಿಗೆ ಹೊಟ್ಟೆ ಕೆಡುತ್ತಿದ್ದುದನ್ನು ಶೀತದ ಲೆಕ್ಕಕ್ಕೆ ಬರೆದುಕೊಂಡಿದ್ದೆವು.

ಪರೀಕ್ಷೆಗೆಂದು ಎರಡು ಕಡೆ ಕುಳಿ ತೋಡಿದೆ. ಮನೆಯ ಹಿಂದೆ, ಬಾವಿಯ ಬದಿಯಲ್ಲಿ, ಎರಡೂವರೆ ಅಡಿಗೇ ನೀರು ಒಸರಿತು. ಬಾವಿಗೆ ಅಡ್ಡಲಾಗಿ 110 ಅಡಿ ದೂರದಲ್ಲಿರುವ ಹಳೆಯ ಕಣದ ಜಾಗದಲ್ಲಿ ಐದಡಿ ತೋಡಿದ ಮೇಲೆ ಜಲ ಕಂಡಿತು. ಕಣದ ನೆಲದಲ್ಲಿ ಎರಡಡಿ ಆಳದ ಕುಳಿಯಲ್ಲಿ 25 ಮಿಲಿಮೀಟರ್ ಇಳಿಯಲು 38 ನಿಮಿಷ ಹಿಡಿಯಿತು. ಮಳೆ ಸುರಿಯುತ್ತಿದ್ದಾಗ ಕೊಡೆ ಹಿಡಿದುಕೊಂಡು ಗಡಿಯಾರ ನೋಡುತ್ತ ಕೂತವನನ್ನು ಕಂಡು ಕೆಲಸದವರು ಏನೆಂದುಕೊಂಡರೋ.

ನಿವೃತ್ತ ಅಭಿಯಂತ

ಇದು ನಾನು ಹೆದರಿದ್ದಕ್ಕಿಂತ ಒಳ್ಳೆಯ ಫಲಿತಾಂಶ. 38 ನಿಮಿಷವೆಂದರೆ ಇಂಗುಗುಂಡಿ ಬೇಡ, ಇಂಗುಗಾಲುವೆ ಸರಿ. ಜಲ ನೆಲಮಟ್ಟದಿಂದ 1.8 ಮೀಟರಿನೊಳಗೆ ಇರುವ ಕಡೆ ಕಾಲುವೆಯನ್ನು ನೆಲದೊಳಗೆ ಹೂಳದೆ, ಭಾಗಶಃ ಅಥವಾ ಪೂರ್ತಿಯಾಗಿ ಮಣ್ಣಿನ ದಿಬ್ಬದೊಳಗೆ ಮಾಡಬೇಕೆಂದು ಮಾನಕ ಹೇಳುತ್ತದೆ. ನಿಮ್ಮದು ಐದಡಿ, ಅಂದರೆ ಒಂದೂವರೆ ಮೀಟರ್. ಆದ್ದರಿಂದ ಕಣದಲ್ಲಿ ಎರಡಡಿ ಎತ್ತರಕ್ಕೆ ಮರಳುಮಿಶ್ರಿತ ಮಣ್ಣು ಏರಿಸಿ, ಅದರೊಳಗೆ ಜಲ್ಲಿ ಹಾಸಿ, ತೂತಿನ ಪೈಪ್ ಇಡಿ. ಒಂದೊಂದು ಸಾಲು 30 ಮೀಟರ್ ಮೀರಬಾರದು, ಸಾಲುಗಳ ನಡುವೆ 2 ಮೀಟರ್ ಇರಲಿ. ಜಲ್ಲಿಯ ಮೇಲೆ ಮಣ್ಣು ಇಳಿಯದಂತೆ ಹುಲ್ಲನ್ನೋ ಗೋಣಿಯನ್ನೋ ಹಾಸಿ ಮುಚ್ಚಬೇಕು. ದಿಬ್ಬದ ಮೇಲ್ಗಡೆ ಅಡ್ಡಗಾಲುವೆ ತೆಗೆದು ಮಳೆನೀರು ಆಚೆ ಹೋಗುವಂತೆ ಮಾಡಿ. ದಿಬ್ಬದ ಮೇಲೆ ಹುಲ್ಲು ಬೆಳೆಯಲಿ. ತೆಂಗು, ಅಡಿಕೆ ನೆಟ್ಟರೆ ಬೇರು ಪೈಪಿಗೆ ನುಗ್ಗುತ್ತದೆ. ವಾಹನ ಹತ್ತಿಸುವುದಂತೂ ಬೇಡವೇ ಬೇಡ.

ಟ್ಯಾಂಕಿನ ಅಳತೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ 10 ಅಡಿ ಉದ್ದ, 6 ಅಡಿ ಅಗಲ, 8 ಅಡಿ ಆಳವೆಂದು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಅದು 13,000 ಲೀಟರಿಗೂ ಮೀರಿದ ಕೆರೆ. ಮಾನಕದಲ್ಲಿ ಐದು ಜನರ ಟ್ಯಾಂಕ್ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ ಸುಮಾರು 1 ಮೀಟರ್. ಹತ್ತು ಜನರಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, ಎರಡು ವರ್ಷಕ್ಕೊಮ್ಮೆ ಖಾಲಿ ಮಾಡುವುದಾದರೆ 1.4 ಮೀಟರ್ ನೀರಿನ ಆಳ. ನೆಂಟರು ಬರುವ ಮನೆಯಾದ್ದರಿಂದ ನೀವು ಹತ್ತು ಜನರ ಲೆಕ್ಕವನ್ನೇ ಹಿಡಿಯಿರಿ. ಒಳಬರುವ ಬದಿಯಿಂದ ಮೂರರಲ್ಲಿ ಎರಡು ಭಾಗ ದೂರಕ್ಕೆ ನಡುಗೋಡೆ ಬರಲಿ. ಗಾಳಿಕೊಳವೆಯ ಬಾಯಿಗೆ ಸೊಳ್ಳೆಪರದೆ ಕಟ್ಟುವುದನ್ನು ಮರೆಯಬೇಡಿ. ಬಳಕೆಗೆ ಮೊದಲು ಟ್ಯಾಂಕನ್ನು ಹೊರಕೊಳವೆಯ ಮಟ್ಟದವರೆಗೆ ನೀರಿನಿಂದ ತುಂಬಿಸಿ ಮೂರು ದಿನ ಬಿಟ್ಟು ಸೋರುತ್ತದೆಯೇ ನೋಡಿ.

ಗಾರೆಕೆಲಸ

ಪ್ಲಾಸ್ಟಿಕ್ ಟ್ಯಾಂಕಿನ ಬಗ್ಗೆ ಯಾರೂ ಹೇಳಲಿಲ್ಲ. ಜಲ ಏಳುವ ಜಾಗದಲ್ಲಿ ಅದು ದೋಣಿ. ಒಳಗೆ ನೀರಿರುವವರೆಗೆ ಸುಮ್ಮನಿರುತ್ತದೆ. ಮಳೆಗಾಲದಲ್ಲಿ ಖಾಲಿ ಮಾಡಿಸಿದರೆ ಕೆಳಗಿನ ಜಲದ ಒತ್ತಡಕ್ಕೆ ಎದ್ದುಬರುತ್ತದೆ, ಪೈಪುಗಳನ್ನೆಲ್ಲ ಮುರಿದುಕೊಂಡು ಬರುತ್ತದೆ. ನಾನು ಒಂದು ಕಡೆ ಕಣ್ಣಾರೆ ಕಂಡಿದ್ದೇನೆ: ಹೂತಿಟ್ಟ ಟ್ಯಾಂಕ್ ಬೆಳಗಾಗುವುದರೊಳಗೆ ಅಂಗಳದಲ್ಲಿ ಮೊಣಕಾಲೆತ್ತರ ಮೇಲೆದ್ದು ನಿಂತಿತ್ತು. ಹಾಕುವುದೇ ಆದರೆ ಕೆಳಗೆ ಕಾಂಕ್ರೀಟ್ ಹಾಸಿ ಅದಕ್ಕೆ ಬಿಗಿದು ಕಟ್ಟಬೇಕು. ಕಟ್ಟಿದ ಟ್ಯಾಂಕ್ ಕೂಡ ಭಾರ ಸಾಲದಿದ್ದರೆ ಬಿರುಕು ಬಿಡುತ್ತದೆ, ಹಾಗಾಗಿ ಖಾಲಿ ಮಾಡಿಸುವ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಇರಲಿ.

ಹಳೆಯ ಗುಂಡಿಯನ್ನು ಹಾಗೆಯೇ ಬಿಡಬೇಡಿ. ಬೇಸಗೆಯಲ್ಲಿ ಯಂತ್ರದಿಂದ ಖಾಲಿ ಮಾಡಿಸಿ, ಸುಣ್ಣ ಹಾಕಿ, ಮಣ್ಣು ತುಂಬಿ ಮುಚ್ಚಿ. ಹಳೆಯ ಚಪ್ಪಡಿ ಕುಸಿದು ದನ ಬಿದ್ದದ್ದೂ ಉಂಟು, ಮನುಷ್ಯರು ಬಿದ್ದದ್ದೂ ಉಂಟು.

ತೋಟಗಾರ (ಶೃಂಗೇರಿ ಕಡೆ)

ಯಂತ್ರವೆಂದು ಬರೆದಿದ್ದೀರಿ. ನಮ್ಮ ಮನೆಯ ದಾರಿಗೆ ಲಾರಿ ಬರುವುದಿಲ್ಲ. ಊರಿನಲ್ಲಿ ಇಬ್ಬರು ಗುಂಡಿಗೆ ಇಳಿದು ಈ ಕೆಲಸ ಮಾಡುತ್ತಾರೆ, ಒಂದು ದಿನದಲ್ಲಿ ಮುಗಿಸಿಕೊಡುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಕೇಳಿದರೆ ಜಗಳವಾಗಬಹುದೇನೋ, ಆದರೂ ಕೇಳುತ್ತಿದ್ದೇನೆ.

ಬಾವಿಕಟ್ಟೆ

ಜಗಳವಾಡುವುದಿಲ್ಲ, ಆದರೆ ನೇರವಾಗಿಯೇ ಹೇಳುತ್ತೇನೆ. ಸೆಪ್ಟಿಕ್ ಟ್ಯಾಂಕಿನೊಳಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆಯ ಪ್ರಕಾರ ಅಪಾಯಕಾರಿ ಶುಚಿಕಾರ್ಯಕ್ಕೆ ಯಾರನ್ನೂ ನೇಮಿಸುವಂತಿಲ್ಲ. ಮನೆಯ ಮಾಲೀಕನೂ ಇದಕ್ಕೆ ಹೊಣೆ. ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್, ಮೀಥೇನ್ ತುಂಬಿರುತ್ತವೆ. ಮೊದಲನೆಯದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕೊಲ್ಲುತ್ತದೆ. ವಾಸನೆಯಿಲ್ಲವೆಂದು ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಊರಿನಲ್ಲಿ ಆ ಕೆಲಸಕ್ಕೆ ಬರುವ ಇಬ್ಬರು ಯಾವ ಕೇರಿಯವರೆಂದು ನಾನು ಕೇಳಬೇಕಾಗಿಲ್ಲ, ನಿಮಗೂ ಗೊತ್ತು, ನನಗೂ ಗೊತ್ತು. ಲಾರಿ ನಿಲ್ಲುವ ಜಾಗದಿಂದ ಕೊಳವೆ ಮುಟ್ಟದ ಕಡೆ ಟ್ಯಾಂಕ್ ಕಟ್ಟಬಾರದು. ಕಟ್ಟುವ ಮೊದಲೇ ಆ ದೂರವನ್ನು ಅಳೆಯಬೇಕು.

ಜೋಡಿಗುಂಡಿ

ಲಾರಿ ತುಂಬಿಕೊಂಡು ಹೋದದ್ದು ಎಲ್ಲಿಗೆ ಹೋಗುತ್ತದೆಂಬುದನ್ನೂ ಕೇಳಿಕೊಳ್ಳಿ. ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಸಂಸ್ಕರಣಾ ಘಟಕ ನಡೆಯುತ್ತಿದೆ, ಅಲ್ಲಿ ಒಣಗಿಸಿ ಗೊಬ್ಬರ ಮಾಡುತ್ತಾರೆ. ಅಂಥದ್ದು ಹತ್ತಿರವಿಲ್ಲದ ಕಡೆ ಲಾರಿಯವರು ಕತ್ತಲಾದ ಮೇಲೆ ಯಾವುದೋ ಹಳ್ಳದ ದಂಡೆಯಲ್ಲಿ ಬಿಚ್ಚುತ್ತಾರೆ. ನಿಮ್ಮ ಬಾವಿ ಉಳಿದು ಕೆಳಗಿನ ಊರಿನವರ ಹೊಳೆ ಕೆಟ್ಟರೆ ಏನು ಸಾಧಿಸಿದಂತಾಯಿತು? ತುಂಗೆಯ ನೀರನ್ನು ಶಿವಮೊಗ್ಗದವರು ಕುಡಿಯುತ್ತಾರೆ.

ಹಿತ್ತಲಬಾಗಿಲು

ಎಲ್ಲರ ಮಾತನ್ನೂ ಕಾಗದದ ಮೇಲೆ ಬರೆದು ಮನೆಯವರೊಂದಿಗೆ ಕೂತು ಮಾತನಾಡಿದೆವು. ಹತ್ತು ಜನರ ಅಳತೆಯ ಕಟ್ಟಿದ ಟ್ಯಾಂಕನ್ನು ಮನೆಯ ಪಡುಬದಿಯಲ್ಲಿ, ಬಾವಿಯಿಂದ 85 ಅಡಿ ದೂರದಲ್ಲಿ ಮಾಡುವುದು. ಅಲ್ಲಿಂದ ಮುಚ್ಚಿದ ಪೈಪಿನಲ್ಲಿ ಕಣದ ದಿಬ್ಬಕ್ಕೆ ಒಯ್ಯುವುದು. ಕಣ ಟ್ಯಾಂಕಿಗಿಂತ ಒಂದೂವರೆ ಅಡಿಯಷ್ಟೇ ತಗ್ಗಿನಲ್ಲಿದೆ. ಎರಡಡಿ ದಿಬ್ಬ ಏರಿಸಿದರೆ ನೀರು ತಾನಾಗಿ ಹತ್ತುವುದಿಲ್ಲವೆಂದು ಮೇಸ್ತ್ರಿಯವರೇ ಮಟ್ಟಕೊಳವೆ ಹಿಡಿದು ತೋರಿಸಿದರು. ಇಪ್ಪತ್ತು ಅಡಿಯ ರಿಂಗ್ ಬಿಟ್ಟುಕೊಡಬೇಕಾಯಿತೆಂಬ ಅವರ ಬೇಸರ ಅಲ್ಲಿಗೆ ಸ್ವಲ್ಪ ಕಡಿಮೆಯಾದಂತೆ ಕಂಡಿತು. ಟ್ಯಾಂಕನ್ನೇ ಎರಡಡಿ ಎತ್ತರಿಸಿ, ಬಚ್ಚಲುಮನೆಯ ನೆಲವನ್ನೂ ಅದಕ್ಕೆ ಸರಿಯಾಗಿ ಏರಿಸುವುದೆಂದು ತೀರ್ಮಾನವಾಯಿತು. ಅಮ್ಮನಿಗೆ ಮೆಟ್ಟಿಲು ಹತ್ತುವ ತೊಂದರೆಯಾಗದಂತೆ ಇಳಿಜಾರು ಹಾಕಿಸಿ ಕೈಹಿಡಿ ಕೊಡಿಸುತ್ತೇವೆ. ಬಚ್ಚಲ ನೀರು, ಅಡುಗೆಮನೆಯ ನೀರು ಬೇರೆಯಾಗಿ ಬಾಳೆಗೆ. ಕಮೋಡಿಗೆ 3 ಮತ್ತು 6 ಲೀಟರಿನ ಎರಡು ಬಟನ್‌ಗಳ ಫ್ಲಶ್.

ಲಾರಿಯ ದಾರಿ ಅಳೆದೆ. ಗೇಟಿನಿಂದ ಟ್ಯಾಂಕಿಗೆ 140 ಅಡಿ. ಪೇಟೆಯ ಲಾರಿಯವರು ತಮ್ಮ ಕೊಳವೆ 100 ಅಡಿಯೆಂದರು. ತುಂಬಿದ್ದನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟರು.

ಗಾರೆಕೆಲಸ

40 ಅಡಿ ಹೆಚ್ಚುವರಿ ಕೊಳವೆಯನ್ನು ಜೋಡಿಸಬಹುದು, ಅದಕ್ಕೆ ಬೇರೆ ಹಣ ಕೇಳುತ್ತಾರೆ. ಬೇರೆ ದಾರಿಯೆಂದರೆ ಗೇಟಿನಿಂದ ಒಳಕ್ಕೆ 50 ಅಡಿ ದಾರಿಗೆ ಕಲ್ಲು ಹಾಸಿ, ತೂಕದ ಲಾರಿ ಹೂತುಹೋಗದಂತೆ ಮಾಡುವುದು. ಅಡಿಕೆ ಸಾಗಿಸಲೂ ಅದು ಉಪಯೋಗಕ್ಕೆ ಬರುತ್ತದೆ. ದಿಬ್ಬದ ಮೇಲೆ ಮಾತ್ರ ಹಾಯಿಸಬೇಡಿ. ಮರಳು ಯಾವಾಗ ತರಿಸುತ್ತೀರಿ ತಿಳಿಸಿ, ಜೇಡಿ ಬೆರೆತ ಮರಳು ಕೊಟ್ಟು ಮೋಸ ಮಾಡುತ್ತಾರೆ; ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ಕದಡಿ, ಕೂತಮೇಲೆ ನೋಡಿಯೇ ಇಳಿಸಿಕೊಳ್ಳಿ.